ಬಸ್ಸಿನ ಕನ್ನಡಿಯಲ್ಲಿ ಟೈಲರಮ್ಮ

ನಮ್ಮ ಬೀದಿಯಲ್ಲಿ ಯಾವ ಮನೆಯ ಮೆಟ್ಟಿಲಡಿ ಬಗ್ಗಿ ನೋಡಿದರೂ ಒಂದು ಸೈಕಲ್ ಸಿಗುತ್ತದೆ. ಒಂದರ ಮೇಲೆ ನೆಲ ಒರೆಸುವ ಬಟ್ಟೆ ಒಣಗುತ್ತಿರುತ್ತದೆ, ಇನ್ನೊಂದರ ಬುಟ್ಟಿಯಲ್ಲಿ ಈರುಳ್ಳಿ ತುಂಬಿರುತ್ತದೆ. ಓಡಿಸುವವರು ಮಾತ್ರ ಇಲ್ಲ. ಬೀದಿಯ ತುದಿಯಲ್ಲಿ ದೊಡ್ಡ ರಸ್ತೆ ಬಂದ ಮೇಲೆ ಎಲ್ಲರೂ ಅದರ ಭರಾಟೆ ನೋಡಿ ಹಿಂದೆ ಸರಿದರು.

ಈರುಳ್ಳಿ ಇದ್ದದ್ದು ಟೈಲರಮ್ಮನ ಮನೆಯ ಸೈಕಲ್ಲಿನಲ್ಲಿ. ಅದು ಅವಳ ಅತ್ತೆಯದು. ಹಳ್ಳಿಯಲ್ಲಿದ್ದಾಗ ಅತ್ತೆ ಅದಕ್ಕೆ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಮೂರು ಊರು ಸುತ್ತುತ್ತಿದ್ದಳು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಎಡಗಾಲು ಸ್ವಾಧೀನ ತಪ್ಪಿತು. ಆಸ್ಪತ್ರೆಯ ಹಿಂಬದಿಯ ನಡಿಗೆ ಕೋಣೆಯಲ್ಲಿ, ಎರಡು ಕಬ್ಬಿಣದ ಕಂಬಿಗಳ ನಡುವೆ, ಐದು ತಿಂಗಳು ಬೆವರು ಸುರಿಸಿ ಮತ್ತೆ ಕೋಲೂರಿ ನಡೆಯುವಂತಾದಳು.

ಒಂದು ಮಧ್ಯಾಹ್ನ ಅಂಚೆಯಕ್ಕ ಕಾಗದ ಕೊಡಲು ಬಂದಳು. ಇಪ್ಪತ್ತೆರಡು ವರ್ಷದಿಂದ ಸೈಕಲ್ಲಿನಲ್ಲೇ ಟಪಾಲು ಹಂಚುವವಳು ಅವಳು. ಕಾಗದದ ಜೊತೆ ಒಂದು ಕರಪತ್ರವನ್ನೂ ಕೊಟ್ಟಳು.

“ಇನ್ನೆಂಟು ವಾರಕ್ಕೆ ಸೈಕಲ್ ಸವಾರಿ ಇದೆ, ಟೈಲರಮ್ಮ. ಊರೊಳಗೇ ಮೂವತ್ತು ಕಿಲೋಮೀಟರ್. ನಡಿಗೆ ಕೋಣೆಗೋಸ್ಕರ. ಒಬ್ಬರು ಪೂರ್ತಿ ಮುಗಿಸಿದ್ರೆ ಅಂಗಡಿಯವರ ಸಂಘ ಒಬ್ಬ ರೋಗಿಗೆ ಪೂರ್ತಿ ಚಿಕಿತ್ಸೆ ಕೊಡಿಸುತ್ತೆ. ಅರ್ಧಕ್ಕೆ ನಿಂತ್ರೆ ಇಲ್ಲ.”

“ಈಗ ಎಷ್ಟು ಜನ ಕಾಯ್ತಿದ್ದಾರೆ?” ಎಂದು ಅತ್ತೆ ಕೇಳಿದಳು.

“ಹೊರಗಿನ ಬೆಂಚಿನ ಮೇಲೆ ಹನ್ನೊಂದು ಜನ.”

ಅತ್ತೆಗೆ ಆ ಬೆಂಚು ಗೊತ್ತಿತ್ತು. ತನ್ನ ಸರದಿ ಬರುವವರೆಗೆ ಅವಳೂ ಅದರ ಮೇಲೆ ಕೂತವಳೇ. ಸೊಸೆಯ ಕಡೆ ತಿರುಗಿ, “ನನ್ನ ಸೈಕಲ್ಲಿಂದ ಈರುಳ್ಳಿ ತೆಗಿ” ಎಂದಳು.

“ಅತ್ತೆ, ನಂಗೆ ಸೈಕಲ್ ಬರೋದೇ ಇಲ್ವಲ್ಲ.”

“ನಂಗೂ ನಡೆಯೋಕೆ ಬರ್ತಿರ್ಲಿಲ್ಲ. ಅರವತ್ತೆಂಟಕ್ಕೆ ಕಲೀಲಿಲ್ವಾ? ನಿಂಗಿನ್ನೂ ನಲವತ್ತೊಂದು.”

ಟೈಲರಮ್ಮನ ಗಂಡ ಸಿಟಿ ಬಸ್ಸಿನ ಡ್ರೈವರ್. ಸಂಜೆ ಮನೆಗೆ ಬಂದವನು ಕರಪತ್ರ ಓದಿ ಮಡಚಿಟ್ಟ.

“ಬೇಡ.”

“ಯಾಕ್ರೀ?”

“ಬೇಡ ಅಂದ್ರೆ ಬೇಡ. ಬೆಳಗಾದ್ರೆ ಆ ರಸ್ತೇಲಿರೋನು ನಾನು, ನೀನಲ್ಲ.”

“ಇವನ ಮಾತು ಬಿಡೇ. ಚಿಕ್ಕವನಿದ್ದಾಗ ಕ್ಯಾರಿಯರ್ ಮೇಲೆ ಕೂರಿಸಿದ್ರೂ ಅಳ್ತಿದ್ದ” ಎಂದಳು ಅತ್ತೆ.

ಅವನು ನಗಲಿಲ್ಲ. ಟೈಲರಮ್ಮ ಅದನ್ನು ಗಮನಿಸಿದಳು. ಆದರೂ ಮರುದಿನ ಬುಟ್ಟಿ ಖಾಲಿ ಮಾಡಿ, ಟೈರಿಗೆ ಗಾಳಿ ಹೊಡೆಸಿ, ತನ್ನ ಹೊಲಿಗೆ ಅಂಗಡಿಯ ಹಿಂದಿನ ಗೋದಾಮಿನ ಅಂಗಳಕ್ಕೆ ಸೈಕಲ್ ತಳ್ಳಿಕೊಂಡು ಹೋದಳು. ಕೆಲಸ ಮುಗಿಸಿ ಅಂಚೆಯಕ್ಕನೂ ಬಂದಳು.

ಮೊದಲ ವಾರ ಸೈಕಲ್ ಗೋಡೆಯ ಕಡೆಗಲ್ಲದೆ ಬೇರೆಲ್ಲೂ ಹೋಗಲಿಲ್ಲ.

“ಎಲ್ಲಿ ನೋಡ್ತಿದ್ದೀಯ ನೀನು?” ಎಂದಳು ಅಂಚೆಯಕ್ಕ.

“ಚಕ್ರ ನೋಡ್ತಿದ್ದೀನಿ. ಇನ್ನೆಲ್ಲಿ ನೋಡ್ಲಿ?”

“ಅಂಗಡೀಲಿ ಕಲಿಯೋಕೆ ಬರೋರಿಗೆ ದಿನಾ ಏನಂತ ಬೈತೀಯ?”

ಟೈಲರಮ್ಮನಿಗೆ ತನ್ನ ಬೈಗುಳವೇ ನೆನಪಾಯಿತು. ‘ಸೂಜಿ ನೋಡಬೇಡ್ರೇ, ಬಟ್ಟೆ ಹೋಗೋ ದಾರಿ ನೋಡಿ.’ ಇಪ್ಪತ್ತು ವರ್ಷದಿಂದ ಅವಳೇ ಹೇಳುತ್ತ ಬಂದ ಮಾತು. ಅವತ್ತು ಅವಳು ತಲೆ ಎತ್ತಿ ಅಂಗಳದ ತುದಿಯನ್ನು ನೋಡುತ್ತ ತುಳಿದಳು. ಸೈಕಲ್ ಗೋಡೆಯನ್ನು ಮರೆತು ನೇರ ನಡೆಯಿತು. ನಿಲ್ಲಿಸುವುದು ಹೇಗೆಂದು ಕೇಳಿಕೊಂಡಿರಲಿಲ್ಲ. ಚಿಂದಿ ಬಟ್ಟೆಯ ಮೂಟೆಯೊಂದು ಆ ಕೆಲಸ ಮಾಡಿತು.

ಮೂರನೇ ವಾರ ಇಬ್ಬರೂ ದೊಡ್ಡ ರಸ್ತೆಗೆ ಇಳಿದರು. ವಾಹನಗಳ ಸದ್ದಿಗೆ ಹೆದರಿ ಟೈಲರಮ್ಮ ರಸ್ತೆಯ ಅಂಚಿಗೇ ಅಂಟಿಕೊಂಡು ಹೊರಟಳು.

“ಇಷ್ಟು ಅಂಚಿಗೆ ಹೋಗಬೇಡ, ಒಳಗೆ ಬಾ” ಎಂದು ಹಿಂದಿನಿಂದ ಅಂಚೆಯಕ್ಕ ಕೂಗಿದಳು.

“ಒಳಗೆ ಬಂದ್ರೆ ಗುದ್ದುತ್ತಾರೆ, ಅಕ್ಕ.”

ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಕಾರಿನ ಬಾಗಿಲು ದಬಕ್ಕನೆ ತೆರೆದುಕೊಂಡಿತು. ಟೈಲರಮ್ಮ ಅದಕ್ಕೆ ಬಡಿದು ಕೆಳಗೆ ಬಿದ್ದಳು. ಮೊಣಕೈ ಸುಲಿಯಿತು. ಹೆಲ್ಮೆಟ್ಟಿನ ಮೇಲೆ ಉದ್ದಕ್ಕೆ ಗೀರು ಬಿತ್ತು. ಕೂದಲು ಹಾಳಾಗುತ್ತದೆಂದು ಹೊರಡುವಾಗ ಅವಳು ಬೇಡವೆಂದರೂ ಅಂಚೆಯಕ್ಕ ಹಾಕಿಸಿದ್ದ ಹೆಲ್ಮೆಟ್ ಅದು.

ಮನೆಗೆ ಬಂದ ಗಂಡ ಆ ಗೀರಿನ ಮೇಲೆ ಬೆರಳಾಡಿಸಿದ.

“ಸಾಕು. ಇಲ್ಲಿಗೆ ಮುಗೀತು.” ಕುರ್ಚಿಯಲ್ಲಿ ಕುಸಿದು ಕೂತು, ಮನೆಯಲ್ಲಿ ಯಾರಿಗೂ ಹೇಳದಿದ್ದ ಒಂದು ಮಾತು ಹೇಳಿದ. “ಹೋದ ವರ್ಷ ದೊಡ್ಡ ಸರ್ಕಲ್ಲಲ್ಲಿ ಎಡಕ್ಕೆ ತಿರುಗಿಸ್ತಿದ್ದೆ. ನಿಧಾನವಾಗೇ. ಎಡಪಕ್ಕದಲ್ಲಿ ಒಬ್ಬ ಸೈಕಲ್ಲಿನೋನು ನುಗ್ಗಿದ್ದ. ನಂಗೆ ಕಾಣಲೇ ಇಲ್ಲ. ಸದ್ದು ಕೇಳಿ ಬ್ರೇಕ್ ಒತ್ತಿದೆ. ಜೀವ ಉಳೀತು, ಕಾಲು ಮುರೀತು. ಈಗಲೂ ಆ ತಿರುವು ಬಂದ್ರೆ ನನ್ನ ಕೈ ನಡುಗುತ್ತೆ.”

ಅತ್ತೆ ಮಗನ ಹೆಗಲ ಮೇಲೆ ಕೈಯಿಟ್ಟಳು. ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ಅಂಚೆಯಕ್ಕ ಮೆಲ್ಲಗೆ ಕೇಳಿದಳು:

“ತಮ್ಮಾ, ಅವನು ಎಲ್ಲಿದ್ದಿದ್ರೆ ನಿಂಗೆ ಕಾಣ್ತಿದ್ದ?”

“ಮುಂದೆ ಇರಬೇಕಿತ್ತು. ಇಲ್ಲಾ ಹಿಂದೇನೇ ನಿಲ್ಲಬೇಕಿತ್ತು.”

“ಅದನ್ನ ಅವನಿಗೆ ಯಾರಾದ್ರೂ ಹೇಳಿದ್ರಾ?”

ಅವನು ಇಲ್ಲವೆಂದು ತಲೆಯಾಡಿಸಿದ.

“ಇವಳಿಗೆ ಹೇಳೋಕೆ ನೀನಿದ್ದೀಯ. ಮನೇಲೇ ಬಸ್ ಡ್ರೈವರ್ ಇಟ್ಕೊಂಡು ಇವಳು ನನ್ನ ಹತ್ರ ಕಲೀಬೇಕಾ?”

ವಾರದ ರಜೆಯ ದಿನ ಅವನು ಮೇಲಿನವರನ್ನು ಕೇಳಿ, ಹೆಂಡತಿಯನ್ನು ಡಿಪೋಗೆ ಕರೆದೊಯ್ದ. ಸೈಕಲ್ಲನ್ನೂ ತರಿಸಿದ. ನಿಂತಿದ್ದ ಬಸ್ಸಿನ ಡ್ರೈವರ್ ಸೀಟಿನಲ್ಲಿ ಅವಳನ್ನು ಕೂರಿಸಿ, ತಾನು ಸೈಕಲ್ ಹಿಡಿದು ಕೆಳಗೆ ಹೋದ.

“ಈಗ ಎಲ್ಲಿದ್ದೀನಿ ಹೇಳು.”

ದನಿ ಎಡಗಡೆಯಿಂದ ಬಂತು. ಅವಳು ಎಡಗನ್ನಡಿ ನೋಡಿದಳು. ಡಿಪೋದ ಗೋಡೆ ಕಂಡಿತು. ಕತ್ತು ಚಾಚಿ ಕಿಟಕಿಯತ್ತ ನೋಡಿದಳು. ನೀರಿನ ತೊಟ್ಟಿ ಕಂಡಿತು. ಟ್ರಿಣ್ ಎಂದು ಸೈಕಲ್ ಗಂಟೆ ಕೇಳಿಸಿತು. ಗಂಟೆ ಇದೆ, ಗಂಡ ಇಲ್ಲ.

“ರೀ, ಎಲ್ಲಿದ್ದೀರಿ? ಹೆದರಿಸಬೇಡಿ.”

“ಮುಂದಿನ ಬಾಗಿಲಿನ ಹಿಂದೇನೇ ಇದ್ದೀನಿ. ಕೈ ಚಾಚಿದ್ರೆ ಬಸ್ಸು ಮುಟ್ಟುತ್ತೆ.” ಅವನು ಹಿಂದೆ ಹಿಂದೆ ಸರಿಯುತ್ತ ಹೋದ. ಬಸ್ಸಿನ ಹಿಂಬದಿ ದಾಟಿ ನಾಲ್ಕು ಹೆಜ್ಜೆ ಹೋದ ಮೇಲೆ ಕನ್ನಡಿಯಲ್ಲಿ ಅವನ ಮುಖ ಮೂಡಿತು. “ಈಗ?”

“ಕಂಡ್ರಿ.”

“ನಂಗೂ ಕನ್ನಡೀಲಿ ನೀನು ಕಂಡೆ. ಇಷ್ಟು ನೆನಪಿಟ್ಕೋ. ಡ್ರೈವರ್ ಮುಖ ನಿಂಗೆ ಕಾಣಲಿಲ್ಲ ಅಂದ್ರೆ, ನೀನೂ ಅವನಿಗೆ ಕಾಣ್ತಿಲ್ಲ.”

ಹಳ್ಳಿಯಲ್ಲಿ ಹೋರಿಯ ಪಕ್ಕ ಹಾದುಹೋಗುವವರು ಮೊದಲು ಅದರ ಕಣ್ಣಿಗೆ ಬೀಳುತ್ತಾರೆ, ಆಮೇಲೆ ಹೆಜ್ಜೆ ಇಡುತ್ತಾರೆ. ಟೈಲರಮ್ಮನಿಗೆ ಅದು ನೆನಪಾಯಿತು.

ಹೊರಡುವಾಗ ಅವಳು ಕೊರಳಲ್ಲಿದ್ದ ಟೇಪು ತೆಗೆದು, ಡಿಪೋದಲ್ಲಿ ನಿಂತಿದ್ದ ಕಾರಿನ ಬಾಗಿಲು ತೆರೆಸಿ ಅಳೆದಳು. ಬಾಗಿಲು ಒಂದು ಮೀಟರಿನಷ್ಟು ರಸ್ತೆಗೆ ಚಾಚುತ್ತಿತ್ತು. ಅಂದಿನಿಂದ ನಿಂತ ವಾಹನಗಳಿಂದ ಒಂದೂವರೆ ಮೀಟರ್ ದೂರದಲ್ಲಿ, ರಸ್ತೆಯ ಒಳಗೇ, ಹೊಲಿಗೆ ಹಾಕಿದಷ್ಟು ನೇರವಾಗಿ ಓಡಿಸಿದಳು. ಹಿಂದಿನವರು ಹಾರ್ನ್ ಬಾರಿಸಿದರು, ಬೈದರು, ಬಳಸಿಕೊಂಡು ಮುಂದೆ ಹೋದರು. ಯಾರೂ ಗುದ್ದಲಿಲ್ಲ. ತಿರುಗುವ ಮೊದಲು ಹಿಂದೆ ನೋಡಿ ಕೈ ತೋರಿಸುವುದನ್ನು ಗಂಡನೇ ಕಲಿಸಿದ. ಹೊಳೆಯುವ ಪಟ್ಟಿ ಹಚ್ಚಿದ ಕಿತ್ತಳೆ ಬಣ್ಣದ ಅಂಗಿಯನ್ನು ಅವಳೇ ಹೊಲಿದುಕೊಂಡಳು. “ಮೂರು ಊರಾಚೆಯಿಂದಲೂ ಕಾಣ್ತೀಯ ಕಣೇ” ಎಂದಳು ಅತ್ತೆ. ಐದು, ಹತ್ತು, ಹದಿನೆಂಟು ಕಿಲೋಮೀಟರ್ ಎಂದು ವಾರ ವಾರಕ್ಕೂ ದೂರ ಬೆಳೆಯಿತು.

ಸವಾರಿಯ ದಿನ ಒಂಬತ್ತು ಜನ ಹೊರಟರು. ಇಪ್ಪತ್ತೈದನೇ ಕಿಲೋಮೀಟರಿಗೆ ದೊಡ್ಡ ಸರ್ಕಲ್ ಬಂತು. ಸಿಗ್ನಲ್ಲಿನಲ್ಲಿ ಒಂದು ಬಸ್ಸು ನಿಂತಿತ್ತು. ಅದರ ಎಡಕ್ಕೆ ಸೈಕಲ್ ನುಗ್ಗುವಷ್ಟು ಜಾಗವಿತ್ತು. ಜೊತೆಗಿದ್ದ ಬ್ಯಾಂಕಿನ ಗುಮಾಸ್ತ ಆ ಸಂದಿಗೆ ಚಕ್ರ ತಿರುಗಿಸಿದ.

ಟೈಲರಮ್ಮ ಕೈ ಅಡ್ಡ ಹಿಡಿದಳು.

“ನಿಲ್ಲಿ ಸಾರ್.”

“ಜಾಗ ಇದೆಯಲ್ಲಮ್ಮ. ಸುಮ್ನೆ ಇಲ್ಲಿ ಯಾಕೆ ಹೊಗೆ ಕುಡೀಬೇಕು?”

“ಹೊಗೆ ಕುಡಿದ್ರೆ ಕೆಮ್ಮು ಬರುತ್ತೆ, ಅಷ್ಟೇ. ನಿಲ್ಲಿ.”

ದೀಪ ಹಸಿರಾಯಿತು. ಬಸ್ಸು ಎಡಕ್ಕೆ ತಿರುಗಿತು. ಅದರ ಹೊಟ್ಟೆ ಮೆಲ್ಲಗೆ ಅಂಚಿನತ್ತ ಜಾರಿ, ಅಷ್ಟು ಹೊತ್ತು ಇದ್ದ ಜಾಗವನ್ನು ಪೂರ್ತಿ ನುಂಗಿತು. ಹಿಂದಿನ ಚಕ್ರ ಅಂಚಿನ ಕಲ್ಲನ್ನು ಸವರಿಕೊಂಡು ಹೋಯಿತು. ಗುಮಾಸ್ತ ತಾನು ನುಗ್ಗಲಿದ್ದ ಜಾಗವನ್ನೇ ನೋಡುತ್ತ ನಿಂತ.

ಬಸ್ಸು ತಿರುಗುವಾಗ ಅದರ ಕನ್ನಡಿಯಲ್ಲಿ ಡ್ರೈವರಿನ ಮುಖ ಕಂಡಿತು. ಅವಳ ಗಂಡ. ಅವನಿಗೂ ಕಿತ್ತಳೆ ಅಂಗಿ ಕಂಡಿತ್ತು. ಅವನು ಕಿಟಕಿಯಿಂದ ಒಂದು ಕೈ ಎತ್ತಿದ. ಆ ತಿರುವಿನಲ್ಲಿ ಅವತ್ತು ಕೈ ನಡುಗಲಿಲ್ಲ ಎಂದು ಸಂಜೆ ಅವನೇ ಹೇಳಿದ.

ಕೊನೆಯ ಐದು ಕಿಲೋಮೀಟರ್ ಟೈಲರಮ್ಮ ಎಲ್ಲರಿಗಿಂತ ಮುಂದಿದ್ದಳು. ನಡಿಗೆ ಕೋಣೆಯ ಬಾಗಿಲಲ್ಲಿ ಅತ್ತೆ ಕೋಲನ್ನು ಗೋಡೆಗೆ ಒರಗಿಸಿ, ಎರಡು ಕೈಯಲ್ಲೂ ಚಪ್ಪಾಳೆ ಹೊಡೆಯುತ್ತ ನಿಂತಿದ್ದಳು. ಸೊಸೆ ಇಳಿಯುವ ಮೊದಲೇ ಹ್ಯಾಂಡಲ್ ಹಿಡಿದು, “ಬ್ರೇಕ್ ಕಲಿತಿದ್ದೀಯ, ಪರವಾಗಿಲ್ಲ” ಎಂದಳು.

ಒಂಬತ್ತು ಜನರೂ ಮುಗಿಸಿದರು. ಸೋಮವಾರ ಬೆಳಿಗ್ಗೆ ಬೆಂಚಿನಿಂದ ಒಂಬತ್ತು ಜನರನ್ನು ಒಳಗೆ ಕರೆದರು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮೆಟ್ಟಿಲಡಿಯಲ್ಲೂ ಒಂದು ಸೈಕಲ್ ಇರಬೇಕು. ಈರುಳ್ಳಿಗೆ ಬೇರೆ ಬುಟ್ಟಿ ನೋಡಿ. ಹೆಲ್ಮೆಟ್ ಹಾಕಿಕೊಳ್ಳಿ, ಕಣ್ಣಿಗೆ ಬೀಳುವ ಬಟ್ಟೆ ತೊಡಿ, ಅಂಚಿಗೆ ಅಂಟಿಕೊಳ್ಳಬೇಡಿ. ದೊಡ್ಡ ವಾಹನದ ಪಕ್ಕದ ಸಂದಿಗೆ ಎಂದೂ ನುಗ್ಗಬೇಡಿ. ಕನ್ನಡಿಯಲ್ಲಿ ಡ್ರೈವರಿನ ಮುಖ ಕಾಣುವವರೆಗೆ ಹಿಂದೆಯೇ ನಿಲ್ಲಿ. ಸ್ಟೀರಿಂಗ್ ಹಿಡಿದವರೇ, ನೀವೂ ತಿರುಗುವ ಮೊದಲು ಇನ್ನೊಮ್ಮೆ ಕನ್ನಡಿ ನೋಡಿ. ಕಾರಿನ ಬಾಗಿಲು ತೆರೆಯುವ ಮೊದಲು ಹಿಂದೆ ನೋಡಿ.

ಮುಂದಿನ ಸವಾರಿಗೆ ಅಂಚೆಯಕ್ಕನ ಹತ್ತಿರ ಹೆಸರು ಬರೆಸಬಹುದು. ಸೈಕಲ್ ಬಾರದಿದ್ದರೆ ಟೈಲರಮ್ಮ ಗೋದಾಮಿನ ಅಂಗಳದಲ್ಲಿ ಕಲಿಸುತ್ತಾಳೆ, ಚಿಂದಿ ಮೂಟೆ ಅಲ್ಲೇ ಇದೆ. ಬೇಗ ಬನ್ನಿ. ಬೆಂಚಿನ ಮೇಲೆ ಇನ್ನೂ ಇಬ್ಬರು ಕೂತಿದ್ದಾರೆ.