ಯಜಮಾನರ ಸಹಿ

ಕುವೈತಿನ ಕನ್ನಡಿಗರ ಇತಿಹಾಸವನ್ನು ಮುಂದೆ ಯಾರಾದರೂ ಬರೆಯಲು ಹೊರಟರೆ, ಅಲ್ಲಿನ ಸಂಘವೊಂದರ ಅರ್ಜಿ ನಮೂನೆಯ ಏಳನೆಯ ಕಾಲಮ್ಮಿಗೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕಾದೀತು. ಅದರಲ್ಲಿ ಇದ್ದದ್ದು ಎರಡೇ ಪದ: ‘ಯಜಮಾನರ ಸಹಿ’.

ಒಬ್ಬಂಟಿಯಾಗಿ ಮಕ್ಕಳನ್ನು ಸಾಕುವ ತಾಯಂದಿರಿಗೆಂದು ಸಂಘ ‘ತಾಯಿ ಆಸರೆ’ ಘಟಕ ತೆರೆದಾಗ ಹೊಸ ಅರ್ಜಿ ಬರೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಕಾರ್ಯದರ್ಶಿ ಧನಂಜಯ್ ವಾರ್ಷಿಕ ಪಿಕ್ನಿಕ್ಕಿನ ಅರ್ಜಿಯ ತಲೆಬರಹ ಬದಲಾಯಿಸಿ ಅಚ್ಚು ಹಾಕಿಸಿದ. ಸಸ್ಯಾಹಾರವೋ ಮಾಂಸಾಹಾರವೋ ಎಂಬ ಸಾಲನ್ನು ತೆಗೆಯುವ ಎಚ್ಚರ ಅವನಿಗಿತ್ತು. ಗಂಡನಿಲ್ಲದವಳು ಗಂಡನ ಸಹಿ ತರುವುದು ಹೇಗೆ ಎಂಬುದು ಹೊಳೆಯಲಿಲ್ಲ. ಘಟಕದ ಕೆಲಸ ನೋಡಿಕೊಳ್ಳುವ ಚಂದ್ರಪ್ರಭಾ ವಾಟ್ಸಾಪ್ ಗುಂಪಿನಲ್ಲಿ ಎರಡು ಸಲ ಬರೆದು ಕೇಳಿದ್ದಳು. ಎರಡು ಸಲವೂ ಹೆಬ್ಬೆರಳಿನ ಚಿತ್ರಗಳು ಬಂದವು, ಉತ್ತರ ಬರಲಿಲ್ಲ.

ಹೀಗಿರುವಾಗ ಫರ್ಸಾನಾಳ ಅರ್ಜಿ ಬಂತು. ಅಬ್ಬಾಸಿಯಾದ ಅಂಗಡಿಯೊಂದರಲ್ಲಿ ಅಬಾಯಾ ಹೊಲಿಯುವವಳು. ಗಂಡ ಮೂರು ವರ್ಷದ ಹಿಂದೆ ಮಸ್ಕತ್ತಿಗೆ ಕೆಲಸ ಹುಡುಕಿಕೊಂಡು ಹೋದವನು ಫೋನ್ ನಂಬರನ್ನೂ ಬದಲಾಯಿಸಿದ್ದ. ಮಗಳು ನಶ್ರಾಳಿಗೆ ಶಾಲೆಯೊಂದು ಮೂರನೆಯ ತರಗತಿಯಲ್ಲಿ ಉಚಿತ ಸೀಟು ತೆಗೆದಿಟ್ಟಿತ್ತು. ಗುರುವಾರ ಮಧ್ಯಾಹ್ನದೊಳಗೆ ಸಂಘದ ಶಿಫಾರಸು ಪತ್ರ ತಲುಪಬೇಕು, ಅಧ್ಯಕ್ಷರ ಸಹಿ ಮತ್ತು ಮೊಹರಿನೊಂದಿಗೆ. ತಪ್ಪಿದರೆ ಎಂಟು ವರ್ಷದ ಹುಡುಗಿ ಬಂಟ್ವಾಳದ ಚಿಕ್ಕಮ್ಮನ ಮನೆಗೆ, ತಾಯಿ ಇಲ್ಲೇ ಹೊಲಿಗೆ ಯಂತ್ರದ ಮುಂದೆ.

ಬುಧವಾರ ಸಂಜೆ ಫಿಂಟಾಸಿನಲ್ಲಿ ಅಧ್ಯಕ್ಷ ರಾಜಗೋಪಾಲರ ಫ್ಲ್ಯಾಟಿನಲ್ಲಿ ಸಭೆ ಸೇರಿತು. ಅರ್ಜಿ ಕೈಯಿಂದ ಕೈಗೆ ಹೋಯಿತು. ಏಳನೆಯ ಕಾಲಮ್ಮಿನಲ್ಲಿ ಅರಬ್ಬಿ ಸಹಿ, ಅದರ ಮೇಲೆ ಅಂಗಡಿಯ ನೀಲಿ ಮೊಹರು. ಫರ್ಸಾನಾ ತನ್ನ ಕಫೀಲನ, ಅಂದರೆ ವೀಸಾ ಕೊಟ್ಟ ಅಂಗಡಿ ಮಾಲೀಕನ, ಸಹಿ ಹಾಕಿಸಿ ತಂದಿದ್ದಳು.

ವಿವರಣೆ ಬೇಕೆಂದು ಅವಳನ್ನೂ ಕರೆಸಿದ್ದರು. ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು.

“ನೋಡಮ್ಮ, ಇಲ್ಲಿ ಯಜಮಾನರು ಅಂದ್ರೆ ಗಂಡ,” ಎಂದರು ರಾಜಗೋಪಾಲರು. “ನೀನು ಆ ಜಾಗದಲ್ಲಿ ಯಾರೋ ಅರಬನ ಸಹಿ ತಂದಿದ್ದೀಯ. ನೋಡಿದವರು ಏನಂದ್ಕೋತಾರೆ?”

“ಯಜಮಾನ್ರು ಅಂದ್ರೆ ಕೆಲಸ ಕೊಡುವವರು ಅಂತ ಎಣಿಸಿದೆ ಸರ್. ಕಫೀಲ್ ಎರಡು ನಿಮಿಷದಲ್ಲಿ ಹಾಕಿ ಕೊಟ್ರು, ಏನೂ ಕೇಳ್ಲಿಲ್ಲ.” ಅವಳು ಶಾಲನ್ನು ಸರಿಪಡಿಸಿಕೊಂಡಳು. “ಗಂಡನ ಸಹಿ ಸಿಗ್ತಿದ್ರೆ ನಿಮ್ಮ ಹತ್ರ ಎಂತಕ್ಕೆ ಬರ್ತಿದ್ದೆ?”

ಧನಂಜಯ್ ಇದು ಸುಳ್ಳು ಮಾಹಿತಿಯಾಗುತ್ತದೆ, ಸಂಘದ ಹೆಸರಿನ ಪ್ರಶ್ನೆ ಎಂದ. ತನ್ನ ಪಿಕ್ನಿಕ್ ಅರ್ಜಿಯ ಸುದ್ದಿಯನ್ನು ಅವನು ಎತ್ತಲಿಲ್ಲ.

ಚಂದ್ರಪ್ರಭಾ ಬ್ಯಾಂಕಿನಲ್ಲಿ ಹದಿನೈದು ವರ್ಷ ನಯವಾಗಿ ಮಾತಾಡಿ ರೂಢಿಯಾದವಳು; ಆ ನಯವೆಲ್ಲ ಆ ಸಂಜೆಗೆ ರಜೆ ಹಾಕಿತ್ತು. ತಪ್ಪು ಅರ್ಜಿಯದು, ಅವಳದಲ್ಲ; ಆ ಕಾಲಮ್ಮು ಹೊಡೆದುಹಾಕಿ ಈಗಲೇ ಪತ್ರಕ್ಕೆ ಸಹಿ ಮಾಡಿ ಎಂದಳು.

“ಯಜಮಾನ ಅನ್ನೋದು ಎಂಥಾ ಒಳ್ಳೇ ಕನ್ನಡ ಪದ ಕಣ್ರೀ,” ಎಂದು ರಾಜಗೋಪಾಲರು ನೊಂದುಕೊಂಡರು. “ಅದನ್ನೇ ಹೊಡೆದುಹಾಕಿದ್ರೆ ನಾವು ಕನ್ನಡ ಸಂಘ ಅಂತ ಯಾಕಿರಬೇಕು?”

“ಇರಬೇಡಿ ಸಾರ್. ಪಿಕ್ನಿಕ್ ಸಂಘ ಅಂತ ಬೋರ್ಡ್ ಹಾಕ್ಕೊಳ್ಳಿ. ಗಂಡ ಇದ್ದವರನ್ನೇ ಕರ್ಕೊಂಡು ಹೋಗಿ.”

ಅಲ್ಲಿಂದ ಮುಂದೆ ಚರ್ಚೆ ಭಾಷೆಯ ಕಡೆಗೆ ಹೊರಳಿತು. ಪತಿ ಎನ್ನಬಹುದು ಎಂದರು ಒಬ್ಬರು. ಮನೆಯವರು ಎಂದರೆ ಹೆಚ್ಚು ಗೌರವ ಎಂದರು ಇನ್ನೊಬ್ಬರು. ರಾಜಗೋಪಾಲರ ಹೆಂಡತಿ ಬಿಸಿ ಬೋಂಡದ ತಟ್ಟೆ ತಂದಿಟ್ಟು, ನಮ್ಮ ಯಜಮಾನ್ರಿಗೆ ಚಟ್ನಿ ಕಡಿಮೆ ಹಾಕಿ, ಅಸಿಡಿಟಿ ಎಂದರು. ಮುಕ್ಕಾಲು ಗಂಟೆಯ ಬಳಿಕ ಸೂಕ್ತ ಪದ ಹುಡುಕಲು ಮೂವರ ಉಪಸಮಿತಿ ರಚಿಸಿ, ಅರ್ಜಿಯನ್ನು ಮುಂದಿನ ತಿಂಗಳ ಸಭೆಗೆ ಇಡಲು ತೀರ್ಮಾನವಾಯಿತು. ಮೂವರೂ ಗಂಡಸರು.

ಗುರುವಾರ ಬೆಳಿಗ್ಗೆ ಚಂದ್ರಪ್ರಭಾ ಬ್ಯಾಂಕಿಗೆ ರಜೆ ಹಾಕಿ, ತಾನೇ ಸಹಿ ಮಾಡಿದ ಪತ್ರ ಹಿಡಿದು ಫರ್ಸಾನಾಳ ಜೊತೆ ಶಾಲೆಗೆ ಹೋದಳು. ಗುಮಾಸ್ತೆ ಡೊರೊತಿ ಪತ್ರವನ್ನು ಎರಡು ಸಲ ಓದಿ, ಮೊಹರಿಲ್ಲದೆ ತನ್ನ ಕೈಯಲ್ಲಿ ಏನೂ ಇಲ್ಲ ಅಕ್ಕ ಎಂದಳು. ಹೇಳುವಾಗ ಫರ್ಸಾನಾಳ ಮುಖ ನೋಡಲಿಲ್ಲ. ಚಂದ್ರಪ್ರಭಾ ಅಲ್ಲಿಂದಲೇ ರಾಜಗೋಪಾಲರಿಗೆ ಏಳು ಸಲ ಫೋನ್ ಮಾಡಿದಳು. ಅವರು ಮೀಟಿಂಗಿನಲ್ಲಿದ್ದರು.

ಎರಡು ಗಂಟೆಗೆ ಸೀಟು ಬೇರೆ ಮಗುವಿಗೆ ಹೋಯಿತು. ಮುಂದಿನ ವಾರ ನಶ್ರಾಳನ್ನು ಮಂಗಳೂರಿನ ವಿಮಾನ ಹತ್ತಿಸಿದರು.