ಸಾಕಿದವರು ನೋಡದ ಪತಂಗ

ಹದಿನಾಲ್ಕು ವರ್ಷ ರೇಷ್ಮೆ ಹುಳ ಸಾಕಿದ್ದೇನೆ. ಅದರ ಪತಂಗವನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಪತಂಗ ಗೂಡು ತೂತು ಮಾಡಿ ಹೊರಬಂದರೆ ನೂಲು ಹಾಳು. ಅದಕ್ಕೇ ಗೂಡು ಗಟ್ಟಿಯಾದ ಕೂಡಲೇ ಮಾರುಕಟ್ಟೆಗೆ, ಅಲ್ಲಿಂದ ಕುದಿಯುವ ನೀರಿಗೆ.

ಇದು ಕೊನೆಯ ಬೆಳೆ. ಹುಳ ತಿನ್ನುವ ಹಿಪ್ಪುನೇರಳೆ ಕಿತ್ತು ಕಬ್ಬು ಹಚ್ಚಲು ನನ್ನ ಗಂಡ ಮುರಿಗೆಪ್ಪನವರು ಟ್ರ್ಯಾಕ್ಟರ್ ಗೊತ್ತು ಮಾಡಿದ್ದರು. ಅನ್ನ ಕೊಟ್ಟ ಜೀವ, ಒಂದಿಷ್ಟಾದರೂ ಬದುಕಿಕೊಳ್ಳಲಿ ಎಂದು ಇಪ್ಪತ್ತು ಗೂಡು ರೊಟ್ಟಿ ಬುಟ್ಟಿಯಲ್ಲಿ ಎತ್ತಿಟ್ಟಿದ್ದೆ.

ಒಂದು ಮುಂಜಾನೆ ಪತಂಗಗಳು ಹೊರಬಂದವು. ಬೆಳ್ಳಗೆ, ಗುಂಡುಗುಂಡಗೆ.

"ಹೋಗ್ರವ್ವಾ, ಮಸಗುಪ್ಪಿ ಊರ ತುಂಬ ಹಾರಾಡ್ರಿ," ಎಂದು ಅಂಗಳದಲ್ಲಿ ಮೇಲಕ್ಕೆ ತೂರಿದೆ.

ತಪತಪ ನೆಲಕ್ಕೆ ಬಿದ್ದವು. ರೆಕ್ಕೆ ಬಡಿದವು, ಬಿದ್ದಲ್ಲೇ ಸುತ್ತಿದವು, ಏಳಲಿಲ್ಲ. ಬಾಜೂ ಮನೆಯ ಕೋಳಿಗಳು ಓಡಿಬಂದವು. ನಾನು ಸೆರಗು ಬೀಸಿ ಅಟ್ಟುವಷ್ಟರಲ್ಲಿ ಒಂಬತ್ತು ಹೋಗಿದ್ದವು.

"ಸುರಯ್ಯಾ, ನಿನ್ನ ಕೋಳಿ ಹಾಳಾಗ್ಲಿ!"

ಬಾಜೂ ಮನೆಯ ಸುರಯ್ಯಾ ಮೂಡಲಗಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಓಡಿಬಂದು ಹಣೆ ಬಡಿದುಕೊಂಡಳು. "ಕಾಕೂ, ಇವಕ್ಕ ಹಾರಾಕ ಬರೂದಿಲ್ರಿ."

"ರೆಕ್ಕಿ ಅದಾವಲ್ಲ!"

"ಸಾವಿರಾರು ವರ್ಷ ಮನ್ಯಾಗ ಸಾಕಿ ಸಾಕಿ ಹಾರೂದ ಹೋಗೇತಿ. ಈ ಜಾತಿ ಕಾಡಿನ್ಯಾಗ ಒಂದೂ ಇಲ್ಲ."

"ಖರೆ? ಕೋಟಿಗಟ್ಟಲೆ ಸಾಕ್ತಾರಲ್ಲ!"

"ಮನ್ಯಾಗ ಕೋಟಿ, ಕಾಡಿನ್ಯಾಗ ಸೊನ್ನಿ."

ಅವಳು ನಮ್ಮ ಗೋಡೆ ತೋರಿಸಿದಳು. ಅಲ್ಲಿ ಅಂಗೈಗಿಂತ ದೊಡ್ಡದೊಂದು ಹಸಿರು ಪತಂಗ, ಎರಡು ಉದ್ದ ಬಾಲ. "ಅದು ಚಂದ್ರ ಪತಂಗ. ಯಾರೂ ಸಾಕಿಲ್ಲ. ತನಗ ಬೇಕಾದ ಗಿಡ ಇರೂತನಕಾ ತನ್ನಷ್ಟಕ್ಕ ಬದಕತೈತಿ. ಗಿಡ ಹೋದ್ರ ಅದೂ ಹೋತು."

ಕೋಳಿಯೊಂದು ಜಿಗಿಯಿತು. ಹಸಿರು ಪತಂಗ ಬೇವಿನ ಮರಕ್ಕೆ ಹಾರಿತು. ನನ್ನವು ಕಾಲ ಬಳಿ ತಡವರಿಸುತ್ತಿದ್ದವು.

ಉಳಿದ ಹನ್ನೊಂದನ್ನು ಬುಟ್ಟಿಗೆ ತುಂಬಿಕೊಂಡೆ. ಮರುದಿನ ನೋಡಿದರೆ ತಳದ ಕಾಗದದ ತುಂಬ ತತ್ತಿ, ಸಾಸಿವೆಗಿಂತ ಸಣ್ಣವು. ಇವು ಒಡೆದು ಹುಳ ಬಂದರೆ ತಿನ್ನಲು ಎಲೆ ಎಲ್ಲಿಯದು? ಅಷ್ಟರಲ್ಲಿ ಹೊಲದ ಕಡೆ ಟ್ರ್ಯಾಕ್ಟರ್ ಸದ್ದು. ಬುಟ್ಟಿ ಹಿಡಿದೇ ಓಡಿದೆ.

"ಎರಡ ಸಾಲು ಹಿಪ್ಪುನೇರಳಿ ಬಿಡ್ರಿ!"

"ಹುಚ್ಚ ಹಿಡದೈತೇನು? ಎರಡ ಸಾಲಿಗಿ ಒಂದು ಸೀರಿ ನೂಲೂ ಆಗೂದಿಲ್ಲ," ಎಂದರು ಗಂಡ.

ಬುಟ್ಟಿ ಮುಂದೆ ಹಿಡಿದೆ.

"ಏನವು?"

"ಹದಿನಾಲ್ಕ ವರ್ಷ ನಮ್ಮನ್ನ ಸಾಕಿದ್ದು."

ಪತಂಗವನ್ನು ಅವರೂ ನೋಡಿರಲಿಲ್ಲ. ಒಂದನ್ನು ಬೆರಳ ಮೇಲೆ ಹತ್ತಿಸಿಕೊಂಡು ಕೈ ಎತ್ತಿದರು. ಅದು ರೆಕ್ಕೆ ಬಡಿಯಿತು, ಬಡಿಯಿತು, ಬೆರಳು ಬಿಡಲಿಲ್ಲ.

ಅದನ್ನು ಮೆಲ್ಲಗೆ ಬುಟ್ಟಿಗೆ ಇಳಿಸಿ ಚಾಲಕನಿಗೆ ಕೂಗಿದರು: "ಆ ಕಡೀ ಎರಡ ಸಾಲು ಮುಟ್ಟಬ್ಯಾಡೋ."