ವಿಮಾನಕ್ಕಿಟ್ಟ ಎಡೆ

ಎಳ್ಳಮಾಸಿಯ ಆ ಮುಂಜಾನೆ ಕಮಲಾಪುರದ ಮೇಲೆ ಎಂಥ ಮಂಜು ಇಳಿದಿತ್ತೆಂದರೆ, ಹೊಲಕ್ಕೆ ಬಂದವರು ಒಬ್ಬರನ್ನೊಬ್ಬರು ಕೆಮ್ಮಿನಿಂದಲೇ ಗುರುತು ಹಿಡಿಯುತ್ತಿದ್ದರು. ಬಿಸಿಲೇರಿದ ಮೇಲೆ ಬೀಳು ನೆಲದಲ್ಲಿ ನಿಂತಿದ್ದ ವಿಮಾನ ಕಣ್ಣಿಗೆ ಬಿತ್ತು. ನಿಜಾಮರ ಆಳ್ವಿಕೆಯ ಕೊನೆಯ ಕಾಲ ಅದು. ತೊಗರಿಗೆ ಹತ್ತಿದ ಹುಳಕ್ಕೆ ಮೇಲಿನಿಂದ ಔಷಧದ ಪುಡಿ ಉದುರಿಸಿ ನೋಡೋಣವೆಂದು ಸರ್ಕಾರ ಕಳಿಸಿದ ವಿಮಾನ. ನಡೆಸುವವರು ಹೈದರಾಬಾದಿನ ಖಮರುದ್ದೀನ್ ಸಾಹೇಬರು, ಕನ್ನಡ ಬಾರದು. ಎಂಜಿನ್ ನೋಡಿಕೊಳ್ಳುವ ಮಿಸ್ತ್ರಿ ಕಲಬುರಗಿ ಗಾಜಿಪುರದ ಹುಸೇನ. ಸಾಹೇಬರ ಮಾತನ್ನು ಊರವರಿಗೆ, ಊರವರದನ್ನು ಸಾಹೇಬರಿಗೆ ಮುಟ್ಟಿಸುವವನೂ ಅವನೇ.

ಅಂದು ಭೂಮಿತಾಯಿಗೆ ಚರಗ ಚೆಲ್ಲುವ ದಿನ. ಬಂಡಮ್ಮ ತನ್ನ ಹೊಲದ ನಾಲ್ಕು ದಿಕ್ಕಿಗೂ ಸಜ್ಜೆ ಕಡಬು, ಭಜ್ಜಿ ಚೆಲ್ಲಿ ಕೈಮುಗಿದಳು. ಎತ್ತುಗಳಿಗೂ ತಿನ್ನಿಸಿದಳು. ಆಮೇಲೆ ಅವಳ ಕಣ್ಣು ವಿಮಾನದ ಮೇಲೆ ಹೋಯಿತು. ತನ್ನ ಹೊಲಕ್ಕೆ ದುಡಿಯಲು ಬಂದದ್ದು. ಅದೊಂದನ್ನೇ ಉಪವಾಸ ಬಿಡುವುದು ಹೇಗೆ? ಹುಸೇನ ಎಂಜಿನ್ ಪರೀಕ್ಷಿಸಿ ನಿಲ್ಲಿಸಿ, ಆಚೆ ಬದಿಯಲ್ಲಿ ಪುಡಿ ತುಂಬಿಸುತ್ತಿದ್ದ. ಬಂಡಮ್ಮ ಮೂತಿಯ ಬದಿಗೆ ಬಾಯಿ ತೆರೆದಂತಿದ್ದ ಕಿಂಡಿಯೊಳಗೆ ಎರಡು ಕಡಬು ಇಟ್ಟು, "ಉಣ್ಣಪ್ಪಾ" ಅಂದು ಬಂದಳು. ಎಂಜಿನ್ ಗಾಳಿ ಎಳೆದುಕೊಳ್ಳುವ ಕಿಂಡಿ ಅದು.

ವಿಮಾನ ಓಡಿತು, ನೆಲ ಬಿಟ್ಟಿತು. ಬೇವಿನ ಮರದೆತ್ತರಕ್ಕೆ ಏರುವಷ್ಟರಲ್ಲಿ ಗಂಟಲು ಕಟ್ಟಿದಂತೆ ಕೆಮ್ಮಿ, ಸದ್ದು ಕುಗ್ಗಿತು. ಸಾಹೇಬರು ಪುಡಿಯನ್ನೆಲ್ಲ ಒಮ್ಮೆಲೇ ಸುರಿದು ಭಾರ ಕಳೆದುಕೊಂಡರು. ಹಿಂದಕ್ಕೆ ತಿರುಗಿಸದೆ ನೇರ ಮುಂದಿನ ಬೀಳಿನಲ್ಲೇ ಇಳಿಸಿದರು. ಗಾಲಿ ಎರೆಮಣ್ಣಿನಲ್ಲಿ ಹೂತು ಒಂದು ರೆಕ್ಕೆ ಮುರಿಯಿತು. ಸಾಹೇಬರ ಹಣೆ ಒಡೆದಿತ್ತು, ಜೀವ ಉಳಿದಿತ್ತು.

ಓಡಿ ಬಂದ ಹುಸೇನನ ಹೆಗಲಿನಿಂದ ಅವರು ರಿಪೇರಿ ಹತ್ಯಾರಗಳ ಚೀಲ ಕಿತ್ತುಕೊಂಡರು. ಪೆಟ್ರೋಲಿಗೆ ಮಂಜಿನ ನೀರು ಸೇರಿದೆ, ನೀನು ಸೋಸಿಲ್ಲ, ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಉರ್ದುವಿನಲ್ಲಿ ಗದರಿದರು.

"ಏನಂತಾರೋ ತಮ್ಮಾ?" ಬಂಡಮ್ಮ ಕೇಳಿದಳು.

"ಎಂಜಿನ್‌ಕ ಉಸಿರು ಕಟ್ಟೇದ ಯವ್ವಾ. ನಂದೇ ತಪ್ಪಂತ. ನೌಕರಿ ಹೋತು."

ಬಂಡಮ್ಮನ ಮುಖ ಬಿಳಿಚಿತು. "ಅದರ ಬಾಯಾಗ ನಾನು ಎರಡು ಕಡಬು ಇಟ್ಟೀನಪ್ಪಾ. ದುಡ್ಯಾಕ ಬಂದದ, ಹಸದಿರ್ತದಂತ..."

ಗಂಡ ಧರ್ಮಣ್ಣ ಸೆರಗು ಜಗ್ಗಿದ. "ಬಾಯಿ ಮುಚ್ಚು. ಠಾಣೇದ ಅಮೀನ ಬಂದ್ರ ಜೇಲಿಗೆ ಒಯ್ತಾನ. ಅಲ್ಲಿ ಕುಂತು ಎಲ್ಲಾರಿಗೂ ಕಡಬು ಮಾಡಿ ಹಾಕು."

ಏನು ಹೇಳುತ್ತಿದ್ದಾಳೆಂದು ಸಾಹೇಬರು ಕೇಳಿದರು. ಹುಸೇನ ಬಂಡಮ್ಮನನ್ನು ನೋಡಿದ. ಅವನ ತಾಯಿಯ ವಯಸ್ಸು. ನಿಮಗೆ ಪೆಟ್ಟಾಯಿತೆಂದು ಮರುಗುತ್ತಿದ್ದಾಳೆ ಹುಜೂರ್, ಎಂದುಬಿಟ್ಟ.

"ನಾ ಇಷ್ಟುದ್ದ ಹೇಳೀನಿ, ನಿನ್ನ ಬಾಯಾಗ ಅದು ಚೋಟುದ್ದ ಆತೇನೋ?" ಬಂಡಮ್ಮ ಬಿಡಲಿಲ್ಲ. "ಕಡಬು ಅನ್ನೋದೇ ಕೇಳಲಿಲ್ಲಲ್ಲ ನನಗ!"

"ಸುಮ್ಕಿರು ಯವ್ವಾ. ನಾ ಎಲ್ಲ್ಯಾರ ದುಡಕೊಂಡು ತಿಂತೀನಿ."

"ನಾ ಉಣಿಸಿದ್ದಕ್ಕ ನಿನ್ನ ಮಕ್ಕಳು ಉಪಾಸ ಇರಬೇಕೇನೋ?"

ಅವಳು ನೆಟ್ಟಗೆ ವಿಮಾನದ ಬಳಿ ಹೋಗಿ ಕಿಂಡಿಯೊಳಗೆ ಕೈ ಹಾಕಿದಳು. ಬಿಸಿ ತಾಕಿ ಹಲ್ಲು ಕಚ್ಚಿದಳು. ಜಜ್ಜಿ ಕಪ್ಪಾಗಿದ್ದ ಕಡಬಿನ ಮುದ್ದೆಯನ್ನು ಕೆದರಿ ತೆಗೆದು, ಎರಡೂ ಅಂಗೈಯಲ್ಲಿಟ್ಟು ಸಾಹೇಬರ ಮುಂದೆ ಹಿಡಿದು ತಲೆಬಾಗಿ ನಿಂತಳು.

ಸಾಹೇಬರ ಕಣ್ಣು ಕೆಂಪಾಯಿತು. ಏನೋ ಅನ್ನಲು ಹೋದವರು ಸುತ್ತ ನೋಡಿದರು. ಬದುವಿನ ಮೇಲೆ, ತೊಗರಿಯ ಬುಡದಲ್ಲಿ, ಎತ್ತಿನ ಬಾಯಿಯ ಮುಂದೆ, ಎಲ್ಲೆಡೆ ಅದೇ ಕಡಬಿನ ಚೂರು. ಯಾರೂ ತಿಳಿಸಿ ಹೇಳಬೇಕಾಗಲಿಲ್ಲ. ಬಂಡಮ್ಮನ ಸುಟ್ಟ ಬೆರಳುಗಳ ಮೇಲೆ ಬೊಕ್ಕೆ ಎದ್ದಿದ್ದವು.

"ಆಗ ಇವಳು ಹೇಳಿದ್ದು ಇದನ್ನೇನು?" ಉರ್ದುವಿನಲ್ಲಿ ಮೆಲ್ಲಗೆ ಕೇಳಿದರು. ಹುಸೇನ ತಲೆ ತಗ್ಗಿಸಿದ.

ಸಾಹೇಬರು ಹತ್ಯಾರದ ಚೀಲಕ್ಕೆ ಮೆತ್ತಿದ್ದ ಮಣ್ಣನ್ನು ತಮ್ಮ ತೋಳಿನಿಂದಲೇ ಒರೆಸಿ, ಯಾರ ಮುಖವನ್ನೂ ನೋಡದೆ, ಹುಸೇನನ ಹೆಗಲಿಗೆ ತಾವೇ ಹಾಕಿದರು.